ಸುಗ್ಗಿ ಹಬ್ಬದ ಕೊನೇ ಪಂಕ್ತಿ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. "ನಿಮ್ಮ ಚರ್ಚು ಹೊಸದಾಗಿದೆಯಂತೆ, ದೊಡ್ಡ ಪರದೆ, ಡ್ರಮ್ಸ್ ಎಲ್ಲ ಬಂದಿದೆಯಂತೆ. ಜೀವ ಬಂತಾ?" ಅಂತ ಕೇಳಿದ್ದೆ. ಪರದೆ ಬಂದದ್ದು ನಿಜ. ಹಾಡಿನ ಪುಸ್ತಕ ಮನೆಯಲ್ಲೇ ಮರೆತರೂ ಈಗ ಚಿಂತೆಯಿಲ್ಲ. ಡ್ರಮ್ಸ್ ಬಗ್ಗೆ ತಾತಂದಿರಿಗೆ ತಕರಾರಿದೆ, ನನಗಿಲ್ಲ. ಜೀವದ ವಿಷಯಕ್ಕೆ ಬಂದರೆ, ಹೋದ ಭಾನುವಾರದ ಸುಗ್ಗಿ ಹಬ್ಬದ ಕತೆ ಹೇಳಬೇಕು.

ಬೆಂಗಳೂರಿನಲ್ಲಿ ಸುಗ್ಗಿ ಎಲ್ಲಿಂದ ಬರಬೇಕು ಹೇಳು. ಬಾಳೆಗೊನೆ, ಕುಂಬಳಕಾಯಿ ಎಲ್ಲ ಕೆ.ಆರ್. ಮಾರ್ಕೆಟ್‌ನಿಂದಲೇ ಬಂದವು. ಚರ್ಚು ಗುಡಿಸುವ ಅಕ್ಕ ಮಾತ್ರ ತಮ್ಮ ಮನೆ ಮುಂದಿನ ಮರದ ನುಗ್ಗೆಕಾಯಿ ಒಂದು ಕಟ್ಟು ತಂದಿದ್ದರು, ಹಳೇ ಸೀರೆಯ ಅಂಚಿನಿಂದ ಬಿಗಿದು. ಆರಾಧನೆ ಮುಗಿದ ಮೇಲೆ ಹರಾಜು. ಒಂದು ನಿಂಬೆಹಣ್ಣಿಗೆ ಇಬ್ಬರು ದೊಡ್ಡ ಮನುಷ್ಯರು ಜಿದ್ದಿಗೆ ಬಿದ್ದು ಎರಡೂವರೆ ಸಾವಿರಕ್ಕೆ ಏರಿಸಿದರು. ನುಗ್ಗೆಕಾಯಿ ಎಪ್ಪತ್ತಕ್ಕೆ ನಿಂತಿತು. ಕೂಗಿದವನು ನಾನೊಬ್ಬನೇ. ನೂರು ಅನ್ನಬಹುದಿತ್ತು, ಅನ್ನಲಿಲ್ಲ.

ಅವತ್ತು ನಮ್ಮ ಪಾದ್ರಿ ಅಯ್ಯನವರು ಓದಿದ್ದು ಬೈಬಲಿನ ಧರ್ಮೋಪದೇಶಕಾಂಡ 26ನೇ ಅಧ್ಯಾಯ. ಮೊದಲ ಬೆಳೆಯನ್ನು ಪುಟ್ಟಿಯಲ್ಲಿ ತಂದವನು ದೇವರ ಮುಂದೆ ಏನು ಹೇಳಬೇಕು ಅಂತ ಅಲ್ಲಿದೆ. ಬೆಳೆ ಚೆನ್ನಾಗಿ ಬಂತು ಅಂತ ಶುರುವಾಗುವುದಿಲ್ಲ ಅದು. ನಮ್ಮ ಮೂಲಪುರುಷ ಗತಿಯಿಲ್ಲದೆ ಅಲೆಯುತ್ತಿದ್ದ ಅರಾಮ್ಯ, ಅಂದರೆ ಅರಾಮ್ ಸೀಮೆಯವನು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನಮ್ಮನ್ನು ಬಿಟ್ಟಿ ದುಡಿಸಿಕೊಂಡರು, ನಾವು ಕೂಗಿಕೊಂಡೆವು, ದೇವರು ಕೇಳಿದ ಅಂತ ಶುರುವಾಗುತ್ತದೆ. ಮೊದಲು ಮನೆತನದ ಕಷ್ಟ, ಆಮೇಲೆ ಪುಟ್ಟಿ.

ಇದೇ ಅಧ್ಯಾಯವನ್ನು ಹಿಡಿದುಕೊಂಡು ಕ್ರೈಸ್ತ ಪಂಡಿತ ಅರವಿಂದ ನಿರ್ಮಲ್ ದಲಿತ ದೈವಶಾಸ್ತ್ರ, ಅಂದರೆ ದಲಿತರ ಬದುಕಿನಿಂದ ದೇವರ ಬಗ್ಗೆ ಯೋಚಿಸುವ ದಾರಿ, ಕಟ್ಟಿದರು. ಅದರ ಮೊದಲ ಮಾತು ನಮ್ಮ ಊರಲ್ಲೇ ಬಂದದ್ದು ಗೊತ್ತಾ? ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ, 1981ರ ಒಂದು ಭಾಷಣದಲ್ಲಿ. ಅಲ್ಲಿಯವರೆಗೆ ಭಾರತದ ಕ್ರೈಸ್ತ ಪಂಡಿತರು ಜಾಸ್ತಿ ಮಾತಾಡುತ್ತಿದ್ದುದು ವೇದಾಂತದ ಜೊತೆ. ಸಭೆಯಲ್ಲಿ ಕೂತವರು ಹೆಚ್ಚಿನವರು ಕೇರಿಗಳಿಂದ ಬಂದವರು, ಅವರ ಕತೆ ಎಲ್ಲಿ ಅಂತ ನಿರ್ಮಲ್ ಕೇಳಿದರು. ನಮ್ಮ ಮುತ್ತಜ್ಜ ಯಾವ ಕೇರಿಯಿಂದ ಬಂದ ಅಂತ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಡುವುದಿಲ್ಲ. ಇಷ್ಟು ವರ್ಷದ ಗೆಳೆತನದಲ್ಲಿ ನಿನಗೂ ನಾನು ಹೇಳಿಲ್ಲ, ಅಲ್ವಾ? ಅರಾಮ್ಯನ ಕತೆ ಮಾತ್ರ ಪ್ರತಿವರ್ಷ ಜೋರಾಗಿ ಓದುತ್ತೇವೆ.

ಆಮೇಲೆ ಬಿರಿಯಾನಿ. ನಾನು ಮೊದಲ ಪಂಕ್ತಿಯಲ್ಲೇ ಕೂತೆ, ಲೆಗ್ ಪೀಸೂ ಬಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಬಂದು ಈರುಳ್ಳಿ ಹೆಚ್ಚಿದ ಅಕ್ಕ, ಅವರ ಜೊತೆಗಿದ್ದ ನಾಲ್ವರು ಕೂರುವ ಹೊತ್ತಿಗೆ ಮೂರೂವರೆ. ಹಂಡೆಯಲ್ಲಿ ಉಳಿದದ್ದು ತಳ ಹಿಡಿದ ಕುಷ್ಕಾ. ಅಷ್ಟರಲ್ಲಿ ಕಮಿಟಿಯವರ ಕಾರುಗಳಿಗೆ ಪಾರ್ಸಲ್ ಹೋಗಿತ್ತು. ಬೆಳಿಗ್ಗೆ ಆರಾಧನೆಯಲ್ಲಿ ಒಂದೇ ಕಟಕಟೆಯ ಮುಂದೆ ಮೊಣಕಾಲೂರಿ ಕರ್ತನ ಭೋಜನದ ರೊಟ್ಟಿ, ಕ್ರಿಸ್ತನ ದೇಹ ಅಂತ, ತೆಗೆದುಕೊಂಡವರು ನಾವೆಲ್ಲ.

ಗ್ರೀಸಿನ ಕೊರಿಂಥ ಪಟ್ಟಣದ ಮೊದಲ ಕಾಲದ ಕ್ರೈಸ್ತರೂ ಇದನ್ನೇ ಮಾಡಿದ್ದರು. ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಅಪೊಸ್ತಲ ಪೌಲ ಅವರಿಗೆ ಕಾಗದ ಬರೆದು ಬೈದದ್ದು ಹೇಗೆ ಅಂದರೆ, ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂತ. ಹಾಡು ಸರಿಯಿಲ್ಲ ಅನ್ನಲಿಲ್ಲ, ಉಪದೇಶ ತಪ್ಪು ಅನ್ನಲಿಲ್ಲ. ಕ್ರಿಸ್ತನ ದೇಹವನ್ನು ಗುರುತಿಸದೆ ತಿನ್ನುವವನು ತನಗೇ ದಂಡನೆ ತಂದುಕೊಳ್ಳುತ್ತಾನೆ ಅಂತಲೂ ಬರೆದ. ಆ ದೇಹ ಅಂದರೆ ರೊಟ್ಟಿ ಅಂತ ಚಿಕ್ಕವನಿದ್ದಾಗ ಕಲಿತೆ. ಈಗ ಓದಿದರೆ ಪಕ್ಕದಲ್ಲಿ ಕೂತವರೂ ಅದರಲ್ಲಿದ್ದಾರೆ ಅನ್ನಿಸುತ್ತದೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಅಂತ ಬೇರೆ ಬೇರೆ ಪಂಗಡದವರು ಸೇರಿ ನಮ್ಮ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದರು. ಯುರೋಪಿನ ಹಳೇ ಜಗಳ ಬಿಟ್ಟು ಒಂದೇ ಮೇಜಿಗೆ ಬಂದವರು ನಾವು. ಬಿರಿಯಾನಿ ಪಂಕ್ತಿ ಸರಿ ಮಾಡೋಕೆ ಆಗಲ್ವಾ?

ಕಮಿಟಿಯಲ್ಲಿ ಕೇಳಿದೆ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನೂ ಎತ್ತಿದೆ. ದಿನದ ಊಟ ಹಂಚುವಾಗ ತಮ್ಮ ವಿಧವೆಯರನ್ನು ಬಿಡುತ್ತಾರೆ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಅಪೊಸ್ತಲರು, ಅಂದರೆ ಯೇಸುವಿನ ಹತ್ತಿರದ ಶಿಷ್ಯರು, ಏಳು ಜನರಿಗೆ ಆ ಕೆಲಸ ವಹಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ... ಏಳೂ ಗ್ರೀಕ್ ಹೆಸರು. ಅಂದರೆ ಗೊಣಗಿದವರ ಕೈಗೇ ಸೌಟು ಕೊಟ್ಟ ಹಾಗಾಯಿತು. ಕ್ರಿಸ್ಮಸ್ ಊಟದ ಟೋಕನ್ನು, ಬಡಿಸುವ ಲೆಕ್ಕ ಎಲ್ಲ ಅಕ್ಕನಿಗೆ ಬಿಡೋಣ ಅಂದೆ. ಕಾರ್ಯದರ್ಶಿ "ನೋಡೋಣ" ಅಂದರು. ಆ "ನೋಡೋಣ" ನಿನಗೂ ಗೊತ್ತಿರುವುದೇ.

ಅಕ್ಕನಿಗೂ ಹೇಳಿದೆ, ಈ ಸಲ ನೀವು ಮೊದಲ ಪಂಕ್ತಿ ಅಂತ. ಪೊರಕೆ ಗೋಡೆಗೆ ಒರಗಿಸಿ, "ನಾವು ಕೂತ್ರೆ ಬಡಿಸೋರು ಯಾರಪ್ಪಾ?" ಅಂದರು. "ನಾನು" ಅಂದೆ. ಮೇಲಿಂದ ಕೆಳಗೆ ನೋಡಿದರು. "ನೀನೊಬ್ಬನೇ ಮುನ್ನೂರು ಜನಕ್ಕಾ?"

ಕ್ರಿಸ್ಮಸ್‌ಗೆ ಬಾ. ಇನ್ನೊಂದು ಕೈ ಬೇಕು. ಬಿಳಿ ಶರ್ಟ್ ಹಾಕಿಕೊಂಡು ಬರಬೇಡ.

ನಿನ್ನ ಗೆಳೆಯ