ಪಾತ್ರೆಗಿಂತ ಎಸಿಡಿಟಿ ಸಿರಪ್ ಕಡೆ ನೋಡಿ

ಮಾನ್ಯ ಸಂಪಾದಕರೇ,

ಅಲ್ಯೂಮಿನಿಯಂ ಪಾತ್ರೆಲಿ ಅಡುಗೆ ಮಾಡಿದ್ರೆ ಮರೆವಿನ ಕಾಯಿಲೆ ಬರುತ್ತೆ ಅಂತ ನಮ್ಮ ಹಾಸನದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮೆಸೇಜ್ ಓಡಾಡ್ತಿದೆ, ಪಾಪ ಪಕ್ಕದ್ಮನೆ ಅಜ್ಜಿ ಚೆನ್ನಾಗಿದ್ದ ಕುಕ್ಕರನ್ನೂ ಗುಜರಿಗೆ ಹಾಕಿಬಿಟ್ರು. ಅಲ್ಜೈಮರ್ ಅನ್ನೋ ಈ ಮರೆವಿನ ಕಾಯಿಲೆಗೂ ಪಾತ್ರೆಗೂ ಸಂಬಂಧ ಇದೆ ಅಂತ ಇವತ್ತಿಗೂ ಸಾಬೀತಾಗಿಲ್ಲ ಕಣ್ರೀ. ಊಟದ ಜೊತೆ ಒಳಗೆ ಹೋಗೋ ಅಲ್ಯೂಮಿನಿಯಂನಲ್ಲಿ ರಕ್ತಕ್ಕೆ ಸೇರೋದು ಶೇ 1ಕ್ಕಿಂತ ಕಮ್ಮಿ, ಸೇರಿದ್ರಲ್ಲೂ ಹೆಚ್ಚಿನದನ್ನ ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತೆ.

ಆದ್ರೆ ಕಿಡ್ನಿನೇ ಕೆಟ್ಟೋರ ಕಥೆ ಬೇರೆ. 1970ರ ದಶಕದಲ್ಲಿ ವಿದೇಶಗಳಲ್ಲಿ ಡಯಾಲಿಸಿಸ್ ನೀರಲ್ಲೇ ಅಲ್ಯೂಮಿನಿಯಂ ಜಾಸ್ತಿ ಇದ್ದು ಎಷ್ಟೋ ರೋಗಿಗಳಿಗೆ ಮಾತು ತೊದಲಿ, ಫಿಟ್ಸ್ ಬಂದು, ಮೂಳೆ ಮೆತ್ತಗಾಗಿ, ಕೆಲವರ ಜೀವನೇ ಹೋಯ್ತು, ಆಮೇಲೇ ಆ ನೀರನ್ನ ಶುದ್ಧ ಮಾಡೋ ರೂಲ್ಸ್ ಬಿಗಿಯಾಗಿದ್ದು. ಎಸಿಡಿಟಿಗೆ ಅಂತ ಕುಡಿಯೋ ಸುಮಾರು ಸಿರಪ್‌ಗಳಲ್ಲೂ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುತ್ತೆ, ಪಾತ್ರೆಯಿಂದ ಬರೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಕಿಡ್ನಿ ತೊಂದ್ರೆ ಇರೋರು ಡಾಕ್ಟರನ್ನ ಕೇಳದೆ ಮೆಡಿಕಲ್ ಸ್ಟೋರಿಂದ ತಂದು ಕುಡೀಲೇಬಾರ್ದು. ಇದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ!

ಹುಳಿ ಅಡುಗೆ ಮಾಡಿದ್ರೆ ಪಾತ್ರೆಯ ಅಲ್ಯೂಮಿನಿಯಂ ಕರಗುತ್ತೆ ಅನ್ನೋದು ನಿಜ. ಹುಣಸೆಹಣ್ಣು, ಟೊಮೆಟೊ ಹಾಕಿದ ಸಾರು ಕುದಿಸಿದ್ರೆ ಕಪ್ಪಗಿದ್ದ ಪಾತ್ರೆ ಒಳಗೆ ಬೆಳ್ಳಗೆ ಹೊಳೆಯುತ್ತಲ್ಲ, ಮೇಲಿನ ಪದರ ಕರಗಿ ಸಾರಿಗೆ ಸೇರಿರುತ್ತೆ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ವಾರಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 2 ಮಿಲಿಗ್ರಾಂವರೆಗೆ ಅಲ್ಯೂಮಿನಿಯಂ ಒಳಗೆ ಹೋದ್ರೂ ಪರವಾಗಿಲ್ಲ. ಛತ್ರದ ಅಡುಗೆ ಭಟ್ಟರು ಸಾರು ಇಳಿಸಿದ ತಕ್ಷಣ ಸ್ಟೀಲ್ ಪಾತ್ರೆಗೆ ಬಗ್ಗಿಸಿಟ್ರೆ ಸಾಕು, ಅನ್ನ, ಹಾಲಿಗೆ ಇಷ್ಟೊಂದು ಹೆದರೋದು ಬೇಡ.

- ಒಬ್ಬ ಓದುಗ, ಹಾಸನ