ಬಾಯಿಪಾಠಕ್ಕಷ್ಟೇ ಅಲ್ಲ, ಮಕ್ಕಳ ಮಾತಿಗೂ ಅಂಕ ಕೊಡಿ

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 22 ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ನನ್ನ ಮಕ್ಕಳಲ್ಲಿ ಬಹುತೇಕ ಎಲ್ಲರೂ ಸಂಪಾದಕರಿಗೆ ಒಂದು ಪತ್ರ ಬರೆದಿರುತ್ತಾರೆ. ಅದು ಯಾವ ಪತ್ರಿಕಾ ಕಚೇರಿಗೂ ತಲುಪುವುದಿಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಉತ್ತರ ಪತ್ರಿಕೆಯಲ್ಲಿ ಇಳಿಸುವ ಪತ್ರ ಅದು.

ಮೂರು ವರ್ಷಗಳ ಹಿಂದೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬೀದಿನಾಯಿಗಳ ಕಾಟದ ಬಗ್ಗೆ ಪತ್ರ ಬರೆಯಿರಿ ಎಂಬ ಪ್ರಶ್ನೆ ಇತ್ತು. ಒಬ್ಬ ಹುಡುಗಿ ಕುಡಿಯುವ ನೀರಿನ ತೊಂದರೆಯ ಬಗ್ಗೆ ಬರೆದಿದ್ದಳು. ದುಂಡು ಅಕ್ಷರ, ಒಂದು ಸ್ಪೆಲಿಂಗ್ ತಪ್ಪಿಲ್ಲ. ಊರಿನ ಹೆಸರು ಇರಬೇಕಾದ ಕಡೆ, ಮಾದರಿಯಲ್ಲಿ ಇದ್ದ ಹಾಗೆಯೇ, ‘ಎಕ್ಸ್ ವೈ ಝೆಡ್’ ಎಂದು ಇತ್ತು. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ವಿಳಾಸಕ್ಕೆ ಅರ್ಧ, ದಿನಾಂಕಕ್ಕೆ ಅರ್ಧ, ಸಂಬೋಧನೆಗೆ ಅರ್ಧ ಎಂದು ಕೂಡಿಸಿ ಅಂಕ ಕೊಟ್ಟೆ. ಕೊಡದಿದ್ದರೆ ಅವಳು ಪಾಸಾಗುತ್ತಿರಲಿಲ್ಲ.

ಅವಳು ಪಿಯುಸಿ ಮುಗಿಸಿ ಈ ಜೂನ್‌ನಲ್ಲಿ ಶಾಲೆಗೆ ಬಂದಿದ್ದಳು. ದೇವನಹಳ್ಳಿ ವಿಮಾನ ನಿಲ್ದಾಣದ ಅಂಗಡಿಯೊಂದರ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದಳಂತೆ. ಇಲ್ಲಿಗೆ ಹೇಗೆ ಬಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದ್ದಾರೆ. “ಪ್ರಶ್ನೆ ಅರ್ಥವಾಯಿತು ಮೇಡಂ. ಬಸ್ಸಿನಲ್ಲಿ ಬಂದೆ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ” ಎಂದಳು. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಹನ್ನೆರಡು ವರ್ಷ ಕಲಿತ ಮಗುವಿಗೆ ಬಸ್ಸಿನಲ್ಲಿ ಬಂದೆ ಎನ್ನಲು ಆಗಲಿಲ್ಲ. ಅದರಲ್ಲಿ ಮೂರು ವರ್ಷ ಅವಳು ನನ್ನ ಮುಂದೆಯೇ ಕುಳಿತಿದ್ದಳು.

ಕಾರಣ ನನಗೆ ಗೊತ್ತಿದೆ. ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತದೆ. ಎರಡು ಪದ್ಯ, ಒಂದು ಪತ್ರ, ಎರಡು ಪ್ರಬಂಧ, ಒಂದಷ್ಟು ಪ್ರಶ್ನೋತ್ತರ. ಹಿಂದುಳಿದ ಮಕ್ಕಳಿಗೆ ಇಷ್ಟನ್ನೇ ಬೆಳಗ್ಗೆ ಸಂಜೆ ಬರೆಸಿ ಬರೆಸಿ ತಿದ್ದಿಸುತ್ತೇವೆ. ಫಲಿತಾಂಶ ಪರಿಶೀಲನಾ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಶೇಕಡಾವಾರು ಏಕೆ ಇಳಿಯಿತು ಎಂದು ಕೇಳಿದ್ದಾರೆ. ನಿಮ್ಮ ಮಕ್ಕಳಲ್ಲಿ ಎಷ್ಟು ಜನ ಮಾತನಾಡುತ್ತಾರೆ ಎಂದು ಈ 22 ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ನಾನೂ ಪ್ಯಾಕೇಜ್ ಕೊಟ್ಟಿದ್ದೇನೆ, ಪ್ರತಿ ವರ್ಷವೂ ಕೊಟ್ಟಿದ್ದೇನೆ.

ನಮ್ಮ ಕಡೆಯ ಮಕ್ಕಳಿಗೆ ಭಾಷೆ ಕಲಿಯುವ ಶಕ್ತಿ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ. ನನ್ನ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳ ಮನೆಮಾತು ತೆಲುಗು. ಶಾಲೆಯಲ್ಲಿ ಕನ್ನಡ. ಅಪ್ಪನ ಜೊತೆ ರೇಷ್ಮೆ ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದರೆ ಅಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳ ಉರ್ದು. ಆ ಉರ್ದುವನ್ನು ಯಾರೂ ಕಪ್ಪು ಹಲಗೆಯ ಮೇಲೆ ಬರೆದು ಕಲಿಸಿದ್ದಲ್ಲ. ಕಿವಿಗೆ ಬಿತ್ತು, ಬೆಲೆ ಗೊತ್ತಾಗಬೇಕಿತ್ತು, ಬಂತು. ಇಂಗ್ಲಿಷ್ ಹಾಗೆ ಬೀದಿಯಲ್ಲಿ ಕಿವಿಗೆ ಬೀಳುವುದಿಲ್ಲ. ನಮ್ಮ ಊರುಗಳಲ್ಲಿ ಅದು ಪರದೇಶದ ಭಾಷೆಯೇ. ಆದ್ದರಿಂದ ಕೇಳುವ, ಆಡುವ ಅವಕಾಶವನ್ನು ತರಗತಿಯೇ ಕೊಡಬೇಕು. ಆ 40 ನಿಮಿಷ ಬಿಟ್ಟರೆ ಅವರಿಗೆ ಬೇರೆ ಜಾಗವಿಲ್ಲ.

ಕಳೆದ ವರ್ಷ ಒಂದು ದಿನ ಒಂಬತ್ತನೇ ತರಗತಿಗೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯೊಂದನ್ನು ತರಿಸಿ ಗೋಡೆಗೆ ಒರಗಿಸಿಟ್ಟೆ. ನನಗೆ ರೇಷ್ಮೆ ಹುಳುವಿನ ಬಗ್ಗೆ ಏನೂ ಗೊತ್ತಿಲ್ಲ, ಇಂಗ್ಲಿಷಿನಲ್ಲಿ ಹೇಳಿಕೊಡಿ ಎಂದೆ. ತರಗತಿಯಲ್ಲಿ 52 ಮಕ್ಕಳು. ಒಬ್ಬೊಬ್ಬರನ್ನೇ ಎಬ್ಬಿಸಿದರೆ ತಲೆಗೆ ಒಂದು ನಿಮಿಷವೂ ಸಿಗುವುದಿಲ್ಲ, ಹಾಗಾಗಿ ಜೋಡಿ ಜೋಡಿಯಾಗಿ ಮೊದಲು ತಮ್ಮಲ್ಲೇ ಮಾತನಾಡಿಕೊಳ್ಳಲು ಬಿಟ್ಟೆ. ಪಕ್ಕದ ಕೊಠಡಿಯ ಮೇಷ್ಟ್ರು ಗಲಾಟೆ ಕೇಳಿ ಇಣುಕಿ ನೋಡಿ ಹೋದರು. ಕೊನೆಯ ಬೆಂಚಿನ ಹುಡುಗನೊಬ್ಬ, 80ಕ್ಕೆ 12 ತೆಗೆಯುವವನು, ತಾನಾಗಿ ಎದ್ದ. “ವರ್ಮ್ ಫೋರ್ ಟೈಮ್ಸ್ ಫೀವರ್ ಕಮಿಂಗ್ ಮೇಡಂ. ದಟ್ ಟೈಮ್ ಲೀಫ್ ನೋ ಗಿವ್.” ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಆಗ ಸೊಪ್ಪು ಹಾಕುವುದಿಲ್ಲ. ವಿಷಯ ಪೂರ್ತಿ ಸರಿ. ಅವನನ್ನು ತಡೆಯಲಿಲ್ಲ. ಅವನು ಮುಗಿಸಿದ ಮೇಲೆ ಅದೇ ಮಾತನ್ನು ಸರಿಯಾದ ಇಂಗ್ಲಿಷಿನಲ್ಲಿ ನಾನೊಮ್ಮೆ ಹೇಳಿದೆ. ಹುಳು ಪೊರೆ ಕಳಚುವ ಈ ಜ್ವರಕ್ಕೆ ಫೀವರ್ ಅನ್ನುವುದಿಲ್ಲ, ‘ಮೋಲ್ಟ್’ ಅನ್ನುತ್ತಾರೆ ಎಂದೆ. ಮರುದಿನ ಬಂದು, ಅಪ್ಪನಿಗೂ ಆ ಪದ ಹೇಳಿಕೊಟ್ಟೆ ಮೇಡಂ ಎಂದ.

ಇದು ನಾನು ಕಂಡುಹಿಡಿದ ವಿದ್ಯೆಯಲ್ಲ. ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಜಗತ್ತಿನ ಭಾಷಾ ಶಿಕ್ಷಕರು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವ್ಯಾಕರಣದ ಪಾಠದ ಬದಲು ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು, ಈ ಊರಿಗೆ ಯಾವ ರೈಲು ಹಿಡಿಯಬೇಕು ಎಂಬಂಥ ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಲೆಕ್ಕ ಬಿಡಿಸುವ ಭರದಲ್ಲಿ ಭಾಷೆ ಒಳಗೆ ಇಳಿಯುತ್ತಿತ್ತು. ನಾನು ನಮ್ಮ ಬಸ್ ನಿಲ್ದಾಣದ ಚಿಂತಾಮಣಿ, ಚಿಕ್ಕಬಳ್ಳಾಪುರ ಬಸ್ಸುಗಳ ವೇಳೆ ಬರೆದುಕೊಂಡು ಬಂದು ಇದನ್ನೇ ಮಾಡಿಸುತ್ತೇನೆ. ನಮ್ಮ ಪಕ್ಕದಲ್ಲೇ ಹುಟ್ಟಿ ದೇಶ ವಿದೇಶ ಸುತ್ತಿದ ಪದ್ಧತಿ ನಮ್ಮ ಹಳ್ಳಿ ಶಾಲೆಗಳಿಗೆ ಬಾರದೇ ಹೋದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡ ಕೂಡದು ಎನ್ನುವವರಿಗೂ ಒಂದು ಮಾತು. ನನ್ನ ತಮ್ಮನ ಮಗಳು ಓದುವ ಖಾಸಗಿ ಶಾಲೆಯಲ್ಲಿ ಕನ್ನಡ ಆಡಿದರೆ ಹತ್ತು ರೂಪಾಯಿ ದಂಡ. ಮಗು ಇಂಗ್ಲಿಷ್ ಕಲಿಯಲಿಲ್ಲ, ಮಾತನ್ನೇ ಕಡಿಮೆ ಮಾಡಿತು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ‘ಮನೆಯಲ್ಲಿ’ ಎಂಬುದರ ‘ಅಲ್ಲಿ’ ನಮಗೆ ಪದದ ಬಾಲಕ್ಕೆ ಅಂಟಿದ ಪ್ರತ್ಯಯ, ಅವರಿಗೆ ಪದಕ್ಕಿಂತ ಮೊದಲು ಬೇರೆಯಾಗಿ ನಿಲ್ಲುವ ‘ಇನ್’. ಹತ್ತು ನಿಮಿಷ ಕನ್ನಡದಲ್ಲೇ ಇದನ್ನು ಬಿಡಿಸಿ ಹೇಳಿದರೆ, ‘ಲೀಫ್ ನೋ ಗಿವ್’ ಎಂದ ಹುಡುಗನಿಗೆ ತನ್ನ ವಾಕ್ಯ ಎಲ್ಲಿ ಎಡವಿತು ಎಂಬುದು ಕಣ್ಣಿಗೆ ಕಾಣುತ್ತದೆ. ದಂಡ ಹಾಕಿದರೆ ಕಾಣುವುದಿಲ್ಲ. ಮಾಧ್ಯಮವನ್ನೇ ಇಂಗ್ಲಿಷ್ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ಇದೇ ತಪ್ಪು ಎಣಿಕೆ. ಬಾಯಿಪಾಠ ಮಾಡುವ ವಿಷಯಗಳ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20 ಅಂಕಗಳನ್ನು ಪೂರ್ತಿಯಾಗಿ ಕೇಳುವುದಕ್ಕೆ ಮತ್ತು ಮಾತನಾಡುವುದಕ್ಕೆ ಮೀಸಲಿಡಬೇಕು. ಅಂಕ ಕೊಡುವವರು ಪಕ್ಕದ ಶಾಲೆಯ ಇಂಗ್ಲಿಷ್ ಶಿಕ್ಷಕರಾಗಿರಲಿ. ಅವರು ಬಂದು ಪ್ರತಿ ಮಗುವಿನೊಡನೆ ಐದು ನಿಮಿಷ ಅದರ ಮನೆ, ಹೊಲ, ದನ, ಹುಳು ಮನೆಯ ಬಗ್ಗೆ ಮಾತನಾಡಲಿ. ವಾಕ್ಯ ತಪ್ಪಿದ್ದರೂ ವಿಷಯ ತಲುಪಿದರೆ ಅಂಕ ಸಿಗಲಿ. ಮಾತಿಗೆ ಅಂಕವಿದೆ ಎಂದು ಗೊತ್ತಾದ ದಿನ ಶಿಕ್ಷಕರೂ ಮಾತನಾಡಿಸುತ್ತಾರೆ, ಮುಖ್ಯ ಶಿಕ್ಷಕರೂ ತರಗತಿಯ ಗದ್ದಲವನ್ನು ಸಹಿಸುತ್ತಾರೆ.

ಶಿಕ್ಷಣ ಇಲಾಖೆ ಈ ಆದೇಶವನ್ನು ದಸರಾ ರಜೆ ಮುಗಿಯುವುದರೊಳಗೆ ಹೊರಡಿಸಬೇಕು. ತಡವಾದರೆ ಡಿಸೆಂಬರ್ ಬರುತ್ತದೆ, ಆಗ ನನ್ನ ಕೈಯಲ್ಲಿ ಮತ್ತೆ ಪಾಸಿಂಗ್ ಪ್ಯಾಕೇಜ್ ಇರುತ್ತದೆ.

– ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ