ಹಳೆಯ ಟ್ರ್ಯಾಕ್ ಸೈಕಲ್‌ನ ಬಣ್ಣ ಕೆರೆಯುವ ಮುನ್ನ

ಮಾನ್ಯರೇ,

ಇಂಗ್ಲೆಂಡ್, ಇಟಲಿಗಳಲ್ಲಿ 1930ರಿಂದ 1960ರ ನಡುವೆ ತಯಾರಾದ ಟ್ರ್ಯಾಕ್ ರೇಸ್ ಸೈಕಲ್‌ಗಳನ್ನು (ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ, ಬ್ರೇಕ್ ಇಲ್ಲದ ಸೈಕಲ್‌ಗಳು) ತರಿಸಿ ದುರಸ್ತಿ ಮಾಡುವ ಹವ್ಯಾಸಿಗಳು ನಮ್ಮಲ್ಲೂ ಇದ್ದಾರೆ. ಅವರಲ್ಲಿ ಒಂದು ವಿನಂತಿ: ಫ್ರೇಮ್ ಕೈಗೆ ಬಂದ ಕೂಡಲೇ ಸ್ಯಾಂಡ್ ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ಬಣ್ಣ ಕೀಳುವುದು), ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಒಲೆಯಲ್ಲಿ ಕಾಯಿಸಿ ಅಂಟಿಸುವುದು) ಎಂದು ಓಡಬೇಡಿ. ಹಬ್, ಪೆಡಲ್, ಚೈನ್‌ರಿಂಗ್ ಇವತ್ತಲ್ಲ ನಾಳೆ ಸಿಗುತ್ತವೆ. ಕೆರೆದು ಹಾಕಿದ ಮೂಲ ಬಣ್ಣ ಮತ್ತೆ ಸಿಗುವುದಿಲ್ಲ.

ಬಿಸಿಲು ತಾಗದ ಜಾಗದಲ್ಲಿ ಆ ಬಣ್ಣ ಉಳಿದಿರುತ್ತದೆ: ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆ) ಲೋಹದ ಬಿಲ್ಲೆಯ ಹಿಂದೆ, ಫೋರ್ಕ್ ಕ್ರೌನ್‌ನ (ಮುಂಚಕ್ರದ ಕವಲಿನ ಎರಡು ಕಾಲು ಸೇರುವ ಜಾಗ) ಅಡಿಯಲ್ಲಿ, ಕಂಪನಿಯ ಹೆಸರಿನ ಸ್ಟಿಕ್ಕರ್ ಕೆಳಗೆ. ಹಿಂಚಕ್ರದ ನಟ್ ಕೂರುವ ಜಾಗ ನೋಡಿ ಪ್ರಯೋಜನವಿಲ್ಲ, ಅಲ್ಲಿ ಬಣ್ಣ ಎಂದೋ ಕಿತ್ತುಹೋಗಿರುತ್ತದೆ. ಮೇಲೆ ಬೇರೆ ಬಣ್ಣ ಹೊಡೆದಿದ್ದರೆ, ಬಿ.ಬಿ. ಶೆಲ್‌ನ (ಪೆಡಲ್‌ಗಳ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಕೊಳವೆ) ಕೆಳಗೆ ಎರಡು ಸೆಂ.ಮೀ. ಅಗಲದ ಜಾಗವನ್ನು ಸೋಪಿನ ನೀರು ಹಾಕಿ 600ರ ವಾಟರ್ ಪೇಪರ್‌ನಿಂದ ಉಜ್ಜಿ, ಆಮೇಲೆ 1000, 2000ರಿಂದ ನಯ ಮಾಡಬೇಕು. ನಡುವೆ ಉಕ್ಕು ಕಾಣುವಷ್ಟು, ಅಂಚಿಗೆ ಹೋದಂತೆ ಕಡಿಮೆ. ಆಗ ಪದರಗಳು ಹೆಚ್ಚಿದ ಈರುಳ್ಳಿಯಂತೆ ಬಳೆಬಳೆಯಾಗಿ ಕಾಣುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣಗಿದ್ದಾಗ ಉಜ್ಜಲೇಬಾರದು.

1950ರ ದಶಕದ ಬ್ರಿಟಿಷ್ ಫ್ರೇಮ್‌ಗಳಲ್ಲಿ ಎಡವುವುದು ಇಲ್ಲೇ. ಆಗ ಫ್ಲಾಂಬಾಯಂಟ್ ಎಂಬ ಬಣ್ಣ ಬಹಳ ಚಾಲ್ತಿಯಲ್ಲಿತ್ತು: ಮೊದಲು ಬೆಳ್ಳಿ ಬಣ್ಣ, ಅದರ ಮೇಲೆ ಪಾರದರ್ಶಕವಾದ ಕೆಂಪು, ಹಸಿರು ಅಥವಾ ನೀಲಿ ಲ್ಯಾಕರ್. ಉಜ್ಜಿದಾಗ ಬೆಳ್ಳಿ ಕಂಡರೆ "ಮೊದಲು ಸಿಲ್ವರ್ ಇತ್ತು, ಆಮೇಲೆ ಕೆಂಪು ಹೊಡೆದಿದ್ದಾರೆ" ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಎರಡರ ನಡುವೆ ಕೊಳೆ, ಗೀರು ಅಥವಾ ಪ್ರೈಮರ್ ಇದ್ದರೆ ಅದು ನಂತರದ ಕೆಲಸ. ಏನೂ ಇಲ್ಲದಿದ್ದರೆ ಎರಡೂ ಸೇರಿಯೇ ಮೂಲ ಬಣ್ಣ. ಕಾರ್ ಪೇಂಟ್ ಅಂಗಡಿಯ ಬಣ್ಣ ಅಳೆಯುವ ಯಂತ್ರವನ್ನು ಇಲ್ಲಿ ನಂಬುವಂತಿಲ್ಲ, ಅದು ಅಡಿಯ ಬೆಳ್ಳಿಯ ಹೊಳಪನ್ನೂ ಸೇರಿಸಿ ಓದುತ್ತದೆ. ತಗಡಿನ ತುಂಡಿನ ಮೇಲೆ ಬೆಳ್ಳಿ ಹೊಡೆದು, ಲ್ಯಾಕರನ್ನು ತೆಳುವಾಗಿ ಒಂದೊಂದೇ ಕೋಟ್ ಹಾಕುತ್ತ, ಪ್ರತಿ ಕೋಟ್ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಮೂಲದೊಂದಿಗೆ ಹೋಲಿಸಬೇಕು. ಕೋಟ್ ಹೆಚ್ಚಿದಷ್ಟೂ ಬಣ್ಣ ಗಾಢ. ಲಗ್‌ಗಳ (ಕೊಳವೆಗಳನ್ನು ಜೋಡಿಸುವ ಲೋಹದ ತೋಳುಗಳು) ಅಂಚಿನಲ್ಲಿ ಲ್ಯಾಕರ್ ಇಳಿದು ನಿಂತರೆ ಕಪ್ಪು ಗೆರೆ ಬೀಳುತ್ತದೆ.

ಮೇಲಿನ ವಾರ್ನಿಷ್ ಹಳದಿಯಾಗಿದ್ದರೆ ನೀಲಿ ಹಸಿರಾಗಿ, ಬಿಳಿ ಕೆನೆಬಣ್ಣವಾಗಿ ಕಾಣುತ್ತದೆ. ಅದನ್ನು ತೆಗೆದೇ ನೋಡಬೇಕು.

ಹಳೆಯ ಕಪ್ಪು ಬಿಳುಪು ಫೋಟೋಗಳ ವಿಷಯದಲ್ಲೂ ಎಚ್ಚರಿಕೆ ಬೇಕು. ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅದರಲ್ಲಿ ಕೆಂಪು ಫ್ರೇಮ್ ಕಪ್ಪಾಗಿಯೂ ತಿಳಿನೀಲಿ ಫ್ರೇಮ್ ಬಿಳಿಯಾಗಿಯೂ ಬರುತ್ತದೆ. ಕಂಪನಿಯ ಕ್ಯಾಟಲಾಗ್ ಆ ವರ್ಷ ಯಾವ ಬಣ್ಣಗಳಿದ್ದವು ಎಂಬುದಕ್ಕೆ ಒಳ್ಳೆಯ ಆಧಾರ, ಛಾಯೆಗೆ ಅಲ್ಲ. 1955ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವೆಟರನ್ ಸೈಕಲ್ ಕ್ಲಬ್ ಇಂಥ ಕ್ಯಾಟಲಾಗ್‌ಗಳನ್ನು ಜೋಪಾನ ಮಾಡಿದೆ. ಇಟಲಿಯ ಬಿಯಾಂಕಿ ಕಂಪನಿಯ ಹೆಸರಾಂತ ಹಸಿರು ಮಿಶ್ರಿತ ತಿಳಿನೀಲಿ ಬಣ್ಣ ಸೆಲೆಸ್ಟೆ ಕೂಡ ಕಾಲಕಾಲಕ್ಕೆ ಬದಲಾಗಿದೆ. ಇಂದಿನ ಡಬ್ಬಿ ತಂದು 1950ರ ಫ್ರೇಮ್‌ಗೆ ಬಳಿದರೆ ಹೊಂದುವುದಿಲ್ಲ.

ಫೋರ್ಕ್ ಕ್ರೌನ್‌ನಲ್ಲಿ ಬ್ರೇಕ್ ತೂತು ಕಂಡರೆ ಬೆಸುಗೆ ಹಾಕಿ ಮುಚ್ಚಿಸಬೇಡಿ. ಅಂದಿನ ಬ್ರಿಟಿಷ್ ಸವಾರರು ಮುಂದಿನ ಬ್ರೇಕ್ ಹಾಕಿಕೊಂಡು ರಸ್ತೆಯಲ್ಲೇ ಟ್ರ್ಯಾಕ್‌ವರೆಗೆ ಹೋಗುತ್ತಿದ್ದರು. ಮೂಲ ಬಣ್ಣ ತೂತಿನ ಅಂಚು ದಾಟಿ ಒಳಗೆ ಇಳಿದಿದ್ದರೆ ಅದು ಬಣ್ಣಕ್ಕೆ ಮೊದಲೇ ಕೊರೆದದ್ದು. ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದು ಒಳಗೆ ಬರೀ ಲೋಹವಿದ್ದರೆ ಆಮೇಲಿನದು.

ಬ್ರಿಟನ್ನಿನ ರೆನಾಲ್ಡ್ಸ್ ಕಂಪನಿಯ 531ರಂಥ ಬಟೆಡ್ (ತುದಿಗಳಲ್ಲಿ ದಪ್ಪ, ನಡುವೆ ತೆಳು) ಉಕ್ಕಿನ ಕೊಳವೆಯ ಗೋಡೆ ನಡುಭಾಗದಲ್ಲಿ ಅರ್ಧ ಮಿ.ಮೀ. ಆಸುಪಾಸು ಮಾತ್ರ. ಒರಟು ಮರಳು ಅದನ್ನು ಕೊರೆಯುತ್ತದೆ, ಲಗ್‌ನ ಚೂಪು ಅಂಚನ್ನೂ ಫ್ರೇಮ್ ಸಂಖ್ಯೆಯನ್ನೂ ಸವೆಸುತ್ತದೆ. ತೆಗೆಯಲೇಬೇಕಾದರೆ ಪೇಂಟ್ ರಿಮೂವರ್ ಸಾಕು. ಪೌಡರ್ ಕೋಟಿಂಗ್‌ನ ದಪ್ಪ ಪದರ ಆ ಅಂಚುಗಳನ್ನು ಮುಚ್ಚಿಬಿಡುತ್ತದೆ. ಹಳೆಯ ತಗ್ಗನ್ನು ಯಾರಾದರೂ ಸೀಸ-ತವರದಿಂದ ತುಂಬಿಸಿದ್ದರೆ ಪೌಡರ್ ಕೋಟಿಂಗ್ ಒಲೆಯ 180–200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಕರಗಿ ಇಳಿಯಬಹುದು.

ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮರುಬಣ್ಣವೇ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ತುಕ್ಕಿನ ಚುಕ್ಕೆಗೆ ತೆಳು ಎಣ್ಣೆ ಹಾಕಿ ಅತಿ ನಯವಾದ ಸ್ಟೀಲ್ ವುಲ್‌ನಿಂದ ಹಗುರವಾಗಿ ತಿಕ್ಕಿ, ಒರೆಸಿ, ಮೇಣ ಹಚ್ಚಿದರೆ ಸಾಕು. ಮರುಬಣ್ಣ ಅನಿವಾರ್ಯವಾದರೆ ಶೆಲ್ ಅಡಿಯಲ್ಲಿ ಹೆಬ್ಬೆರಳಿನಷ್ಟು ಮೂಲ ಬಣ್ಣವನ್ನು ಟೇಪ್ ಹಚ್ಚಿ ಹಾಗೇ ಬಿಡಲು ಪೇಂಟರ್‌ಗೆ ಮೊದಲೇ ಹೇಳಿ.

— ಹಳೆಯ ಸೈಕಲ್ ಹವ್ಯಾಸಿಗಳು, ಬೆಂಗಳೂರು